ತಂಬೂರಿ ಉಳಿದು ಗಾಯಕರು ಮಾಯವಾದ ಪ್ಲೇಯರ್: ಒಂದು ದುರಸ್ತಿಯ ದಾಖಲೆ

ಗದಗಿನಲ್ಲಿರುವ ನಮ್ಮ ಕಾಕಾ ಅವರ ಕಿಸೆಯ ಮ್ಯೂಸಿಕ್ ಪ್ಲೇಯರ್ ಧಾರವಾಡಕ್ಕೆ, ನನ್ನ ಕೆಲಸದ ಮೇಜಿಗೆ ಬಂದಾಗ ಅದರ ಜೊತೆ ಬಂದ ದೂರು ಇಷ್ಟೇ: "ಹಾಡವರು ಎದ್ದು ಹೋಗ್ಯಾರ, ತಂಬೂರಿಯವರಷ್ಟ ಕುಂತಾರ ನೋಡಪಾ." ದುರಸ್ತಿ ಮುಗಿದ ಮೇಲೆ ಹೇಳುವುದಾದರೆ, ಆ ದೋಷವನ್ನು ಇದಕ್ಕಿಂತ ನಿಖರವಾಗಿ ವರ್ಣಿಸಲು ಸಾಧ್ಯವಿರಲಿಲ್ಲ. ಧ್ವನಿ ಕೆಟ್ಟಿದೆ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ; ಯಾವ ಧ್ವನಿ ಹೋಗಿದೆ, ಯಾವುದು ಉಳಿದಿದೆ ಎಂದು ಕೇಳಿ ಬರೆದುಕೊಂಡರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಇದೇ ಬಗೆಯ ಹಳೆಯ ಪ್ಲೇಯರುಗಳು ನಮ್ಮ ಕಡೆ ಸಂಗೀತ ಕೇಳುವವರ ಮನೆಗಳಲ್ಲಿ ಇನ್ನೂ ಬಹಳ ಇರುವುದರಿಂದ, ಮಾಡಿದ ಕೆಲಸವನ್ನೂ ಫಲಿಸದ ಉಪಾಯಗಳನ್ನೂ ಕ್ರಮವಾಗಿ ಇಲ್ಲಿ ದಾಖಲಿಸಿದ್ದೇನೆ.

ಹಂತ 1: ಬಂದ ಸ್ಥಿತಿ

ಪ್ಲೇಯರಿನಲ್ಲಿ 3.7 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ, 3.5 ಮಿ.ಮೀ. ಇಯರ್‌ಫೋನ್ ಜ್ಯಾಕ್, 16 ಜಿಬಿಯ ಮೆಮೊರಿ ಕಾರ್ಡ್ ಇವೆ. ಕಾರ್ಡಿನಲ್ಲಿ ಇರುವುದು ಹೆಚ್ಚಾಗಿ ಹಿಂದೂಸ್ತಾನಿ ಬೈಠಕ್ಕುಗಳು, ವಚನ ಗಾಯನ ಮತ್ತು ಹಳೆಯ 78 ಆರ್‌ಪಿಎಂ ಗಾನತಟ್ಟೆಗಳಿಂದ ಇಳಿಸಿಕೊಂಡ ಹಾಡುಗಳು. ಕೇಳುತ್ತ ಕುಳಿತಾಗ ಗಮನಕ್ಕೆ ಬಂದ ದೋಷಗಳನ್ನು ಬೇರೆಬೇರೆಯಾಗಿ ಬರೆದುಕೊಂಡೆ. ಗಾಯಕರ ದನಿ ಬಾವಿಯೊಳಗಿನಿಂದ ಬಂದಂತೆ ದೂರವಾಗಿತ್ತು, ತಂಬೂರಿ ಮಾತ್ರ ಎರಡೂ ಕಿವಿಯಲ್ಲಿ ಸ್ಪಷ್ಟವಾಗಿತ್ತು. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಗುಂಯ್ಗುಡುವ ಕೆಳದನಿ ಇರಲಿಲ್ಲ. ಹಳೆಯ ಗಾನತಟ್ಟೆಗಳ ಕಡತಗಳು ಹೆಚ್ಚುಕಡಿಮೆ ನಿಶ್ಶಬ್ದವಾಗಿದ್ದವು. ಅವು ಕೆಟ್ಟುಹೋಗಿವೆ ಎಂದು ತಿಳಿದ ಕಾಕಾ ಅವನ್ನು ಅಳಿಸಿಬಿಡಲು ಹೇಳಿದ್ದರು. ದನಿಯನ್ನು ಬಹಳ ಏರಿಸಿದರೆ ತಾರ ಸಪ್ತಕದಲ್ಲಿ, ಅಂದರೆ ಮೇಲಿನ ಸ್ವರಗಳಲ್ಲಿ, ಕರಕರ ಎಂದು ಒಡೆಯುತ್ತಿತ್ತು.

ಪ್ಲೇಯರನ್ನು ಮೊದಲು ನೋಡಿದವರೊಬ್ಬರು ಐಸಿ (ಧ್ವನಿ ಹೊರಡಿಸುವ ಚಿಪ್ಪು) ಹೋಗಿದೆ, ಹೊಸದು ಕೊಳ್ಳುವುದು ಲೇಸು ಎಂದಿದ್ದರಂತೆ. ಐಸಿ ಹೋದರೆ ಸಾಮಾನ್ಯವಾಗಿ ಒಂದು ಬದಿಯ ಧ್ವನಿ ಪೂರ್ತಿ ನಿಲ್ಲುತ್ತದೆ, ಇಲ್ಲವೆ ಎಲ್ಲ ಧ್ವನಿಯೂ ಒಡೆಯುತ್ತದೆ. ತಂಬೂರಿಯನ್ನು ಉಳಿಸಿ ಗಾಯಕರನ್ನಷ್ಟೇ ಆರಿಸಿ ತೆಗೆಯುವ ಕೆಲಸವನ್ನು ಅದು ಮಾಡುವುದಿಲ್ಲ.

ಹಂತ 2: ತೆರೆಯದೆ ಮಾಡಿದ ಅದಲುಬದಲು

ಒಮ್ಮೆಗೆ ಒಂದೇ ವಸ್ತುವನ್ನು ಬದಲಿಸಬೇಕು ಎಂಬ ನಿಯಮವನ್ನು ಬಿಡಲಿಲ್ಲ. ಕಾಕಾ ಅವರ ಇಯರ್‌ಫೋನನ್ನು ಜ್ಯಾಕ್ ಇರುವ ಹಳೆಯ ಮೊಬೈಲಿಗೆ ಸಿಕ್ಕಿಸಿ, ಅದೇ ಕಾರ್ಡಿನ ಅದೇ ಕಡತವನ್ನು ಕೇಳಿದೆ. ಗಾಯಕರು ನಡುವೆ ಗಟ್ಟಿಯಾಗಿ ಕುಳಿತು ಹಾಡಿದರು. ಅಲ್ಲಿಗೆ ಇಯರ್‌ಫೋನೂ ಕಡತವೂ ನಿರ್ದೋಷಿಗಳಾದವು. ನಂತರ ನನ್ನ ಇಯರ್‌ಫೋನನ್ನು ಪ್ಲೇಯರಿಗೆ ಸಿಕ್ಕಿಸಿದಾಗ ಅದೇ ಟೊಳ್ಳು ದನಿ ಬಂತು. ದೋಷ ಪ್ಲೇಯರಿನೊಳಗೇ ಇದೆ ಎಂಬುದು ಖಚಿತವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈಕ್ ಇರುವ ಇಯರ್‌ಫೋನುಗಳ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರಗಳು, ಅಂದರೆ ನಾಲ್ಕು ಸಂಪರ್ಕಗಳು ಇರುತ್ತವೆ. ಅವುಗಳಲ್ಲಿ ಮೈಕ್ ಮತ್ತು ಗ್ರೌಂಡಿನ (ಎರಡೂ ಕಿವಿಗಳಿಂದ ವಿದ್ಯುತ್ತು ಮರಳುವ ಸಾಮಾನ್ಯ ತಂತಿಯ) ಸ್ಥಾನಗಳು ಎರಡು ಪದ್ಧತಿಗಳಲ್ಲಿ ಅದಲುಬದಲಾಗಿರುವುದರಿಂದ, ಹೊಂದಿಕೆಯಾಗದ ಸಾಧನಕ್ಕೆ ಸಿಕ್ಕಿಸಿದರೆ ಇದೇ ರೀತಿಯ ಟೊಳ್ಳು ದನಿ ಬರುತ್ತದೆ. ಕರೆ ಸ್ವೀಕರಿಸುವ ಗುಂಡಿಯನ್ನು ಒತ್ತಿ ಹಿಡಿದಾಗ ಹಾಡು ಸರಿಹೋಗಿ, ಬಿಟ್ಟಾಗ ಮತ್ತೆ ಕೆಟ್ಟರೆ, ದೋಷ ಪ್ಲೇಯರಿನದಲ್ಲ, ಇಯರ್‌ಫೋನಿನ ಹೊಂದಿಕೆಯದು. ಆದ್ದರಿಂದ ಈ ಎಲ್ಲ ಪರೀಕ್ಷೆಗಳನ್ನೂ ಮೈಕ್ ಇಲ್ಲದ, ಎರಡೇ ಉಂಗುರಗಳ ಸಾದಾ ಇಯರ್‌ಫೋನಿನಿಂದ ಮಾಡಿದೆ.

ಹಂತ 3: ನಾಲ್ಕು ಪರೀಕ್ಷಾ ಕಡತಗಳು

ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ 440 ಹರ್ಟ್ಸ್‌ನ ಸಾದಾ ಸ್ವರವನ್ನು ತಯಾರಿಸಿ, ಪೂರ್ಣ ಮಟ್ಟಕ್ಕಿಂತ 6 ಡಿಬಿ (ಡೆಸಿಬೆಲ್, ಧ್ವನಿಮಟ್ಟದ ಅಳತೆ) ಕೆಳಗಿಟ್ಟು, 16 ಬಿಟ್, 44,100 ಹರ್ಟ್ಸ್‌ನ ವೇವ್ ಕಡತಗಳಾಗಿ ಉಳಿಸಿದೆ. ಮೊದಲನೆಯದರಲ್ಲಿ ಸ್ವರ ಎಡಕ್ಕೆ ಮಾತ್ರ, ಎರಡನೆಯದರಲ್ಲಿ ಬಲಕ್ಕೆ ಮಾತ್ರ. ಮೂರನೆಯದರಲ್ಲಿ ಎರಡೂ ಬದಿಗೆ ಒಂದೇ ಸ್ವರ. ನಾಲ್ಕನೆಯದರಲ್ಲಿ ಎರಡೂ ಬದಿಗೆ ಅದೇ ಸ್ವರವೇ ಇದ್ದು, ಬಲಬದಿಯ ಅಲೆಯನ್ನು ತಲೆಕೆಳಗು ಮಾಡಲಾಗಿದೆ.

ಪ್ಲೇಯರಿನಲ್ಲಿ ಕೇಳಿದಾಗ ಎಡಕ್ಕೆ ಮಾತ್ರ ಇರಬೇಕಾದ ಸ್ವರ ಎರಡೂ ಕಿವಿಯಲ್ಲಿ ಕ್ಷೀಣವಾಗಿ ಕೇಳಿಸಿತು. ಬಲದ್ದೂ ಹಾಗೆಯೇ. ಎರಡೂ ಬದಿಗೆ ಒಂದೇ ಸ್ವರವಿದ್ದ ಮೂರನೆಯ ಕಡತ ಕೇಳಿಸಲೇ ಇಲ್ಲ ಎನ್ನಬೇಕು. ತಲೆಕೆಳಗು ಮಾಡಿದ ನಾಲ್ಕನೆಯದು ಮಾತ್ರ ಪೂರ್ಣ ದನಿಯಲ್ಲಿ ಬಂತು.

ಈ ನಾಲ್ಕು ಉತ್ತರಗಳು ಒಟ್ಟಿಗೆ ಬಂದರೆ ಅರ್ಥ ಒಂದೇ: ಎರಡೂ ಕಿವಿಗಳಿಗೆ ಸಾಮಾನ್ಯವಾದ ಗ್ರೌಂಡ್ ಸಂಪರ್ಕ ಕಡಿದಿದೆ. ಇಯರ್‌ಫೋನಿನ ಎರಡೂ ಸ್ಪೀಕರುಗಳ ಒಂದೊಂದು ತುದಿ ತಂತಮ್ಮ ಬದಿಗೂ, ಇನ್ನೊಂದು ತುದಿ ಈ ಗ್ರೌಂಡಿಗೂ ಸೇರಿರುತ್ತವೆ. ಗ್ರೌಂಡ್ ಕಡಿದಾಗ ಎರಡೂ ಸ್ಪೀಕರುಗಳು ಎಡ ಮತ್ತು ಬಲ ಬದಿಗಳ ನಡುವೆ ಸಾಲಾಗಿ ಉಳಿಯುತ್ತವೆ; ಆಗ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಕೇಳಿಸುತ್ತದೆ, ಸಮಾನವಾದದ್ದು ಅಳಿದುಹೋಗುತ್ತದೆ. ಬೈಠಕ್ಕಿನ ಸ್ಟೀರಿಯೊ ಮುದ್ರಣದಲ್ಲಿ ಗಾಯಕರು ನಡುವೆ ಇರುವುದರಿಂದ ಅವರ ದನಿ ಎರಡೂ ಬದಿಯಲ್ಲಿ ಸಮವಾಗಿರುತ್ತದೆ, ಆದ್ದರಿಂದ ಅದು ಅಳಿಯುತ್ತದೆ. ಹಿಂದೆ ಎಡಬಲಕ್ಕೆ ಕುಳಿತ ಎರಡು ತಂಬೂರಿಗಳು ಬೇರೆಬೇರೆಯಾದ್ದರಿಂದ ಉಳಿಯುತ್ತವೆ. 78 ಆರ್‌ಪಿಎಂ ತಟ್ಟೆಗಳು ಒಂದೇ ವಾಹಿನಿಯ ಮುದ್ರಣಗಳಾದ್ದರಿಂದ ಅಲ್ಲಿ ವ್ಯತ್ಯಾಸವೆಂಬುದೇ ಇಲ್ಲ, ಪೂರ್ತಿ ನಿಶ್ಶಬ್ದ. ಅಳಿಸಲು ಹೇಳಿದ್ದ ಕಡತಗಳಲ್ಲಿ ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ ಧ್ವನಿಮುದ್ರಣಗಳೂ ಇದ್ದವು, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಯಾವಾಗಲೋ ಪ್ರಸಾರವಾದಾಗ ಟೇಪಿಗೆ ಇಳಿಸಿಕೊಂಡ ಮಲ್ಲಿಕಾರ್ಜುನ ಮನಸೂರರ ಗಾಯನವೂ ಇತ್ತು. ಒಂದು ತಂತಿಯ ದೋಷಕ್ಕೆ ಇವು ಬಲಿಯಾಗಲಿದ್ದವು. ಪ್ಲೇಯರಿನಲ್ಲಿ ಹಳೆಯ ಹಾಡು ಕೇಳಿಸುತ್ತಿಲ್ಲ ಎಂದ ಮಾತ್ರಕ್ಕೆ ಯಾರೂ ಕಡತವನ್ನು ಅಳಿಸಬಾರದು ಎಂದು ಇಲ್ಲಿ ಒತ್ತಿ ಹೇಳುತ್ತೇನೆ.

ಹಂತ 4: ಸ್ವಚ್ಛಗೊಳಿಸಿದ್ದು, ಅದು ನಿಲ್ಲದೆ ಹೋದದ್ದು

ಮಳೆಗಾಲದ ತೇವಕ್ಕೆ ಜ್ಯಾಕಿನೊಳಗಿನ ಹಿತ್ತಾಳೆಯ ಪತ್ತಿಗಳು ಮಸುಕಾಗುವುದು ಧಾರವಾಡದಲ್ಲಿ ಸಾಮಾನ್ಯ. ಆದ್ದರಿಂದ ಬೆಸುಗೆಗೆ ಕೈಹಾಕುವ ಮೊದಲು ಸ್ವಚ್ಛಗೊಳಿಸಿ ನೋಡುವುದು ಸರಿಯಾದ ಕ್ರಮ. ಸುಟ್ಟು ಮುಗಿದ ಊದಬತ್ತಿಯ ಕಡ್ಡಿಯ ತುದಿಗೆ ಅರಳೆಯನ್ನು ಬಿಗಿಯಾಗಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿ, ಪ್ಲೇಯರನ್ನು ಬಂದ್ ಮಾಡಿ, ಜ್ಯಾಕಿನ ಬಾಯಿಯನ್ನು ಕೆಳಮುಖವಾಗಿ ಹಿಡಿದು ತಿರುಗಿಸಿದೆ. ಕಿಸೆಯ ನೂಲಿನ ಎಳೆಗಳೂ ಕಂದುಬಣ್ಣದ ಕೊಳೆಯೂ ಸಾಕಷ್ಟು ಬಂದವು. ಆಲ್ಕೊಹಾಲ್ ಆರಿದ ಮೇಲೆ ಪಿನ್ ಸಿಕ್ಕಿಸಿದಾಗ ಗಾಯಕರು ಮರಳಿ ಬಂದಿದ್ದರು.

ಕೆಲವೇ ದಿನಗಳಲ್ಲಿ ಮತ್ತೆ ಹೋದರು. ಪಿನ್ನನ್ನು ಪಕ್ಕಕ್ಕೆ ಒತ್ತಿದರೆ ಸರಿಯಾಗುತ್ತಿತ್ತು, ಕೈಬಿಟ್ಟರೆ ಕೆಡುತ್ತಿತ್ತು. ಕೊಳೆ ಮಾತ್ರ ಕಾರಣವಾಗಿದ್ದರೆ ಪಿನ್ನನ್ನು ತಿರುಗಿಸಿದಾಗ ಧ್ವನಿ ಬದಲಾಗಬೇಕು. ಪಕ್ಕಕ್ಕೆ ಒತ್ತಿದಾಗ ಬದಲಾಗುವುದು ಜ್ಯಾಕಿನ ಬುಡದ ಬೆಸುಗೆ ಬಿರಿದಿರುವುದರ ಲಕ್ಷಣ. ಸ್ವಚ್ಛಗೊಳಿಸುವಾಗ ಕಡ್ಡಿಯ ಒತ್ತಡಕ್ಕೆ ಬಿರುಕು ತಾತ್ಕಾಲಿಕವಾಗಿ ಕೂಡಿಕೊಂಡಿತ್ತು ಎಂದು ಈಗ ತೋರುತ್ತದೆ.

ಹಂತ 5: ತೆರೆದು ಅಳೆದದ್ದು

ಹಿಂಬದಿಯ ಸಣ್ಣ ನಕ್ಷತ್ರಮುಖದ ಸ್ಕ್ರೂಗಳನ್ನು ತೆಗೆದು, ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಸಂದಿಯಲ್ಲಿ ತೂರಿಸಿ ಪ್ಲಾಸ್ಟಿಕ್ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿದೆ. ಇಲ್ಲಿ ಕಬ್ಬಿಣದ ಸ್ಕ್ರೂಡ್ರೈವರ್ ಬಳಸಬಾರದು, ಏಕೆಂದರೆ ಮುಚ್ಚಳದ ಕೆಳಗೇ ಬ್ಯಾಟರಿಯ ತೆಳುಚೀಲ ಇರುತ್ತದೆ, ಅದಕ್ಕೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಒಳಗೆ ಕೈಹಾಕುವ ಮೊದಲು ಫೋಟೊ ತೆಗೆದು, ಬ್ಯಾಟರಿಯ ಕೆಂಪು ತಂತಿಯನ್ನು ಬಿಡಿಸಿ ತುದಿಗೆ ಟೇಪು ಸುತ್ತಿದೆ.

ಹಳೆಯ ಇಯರ್‌ಫೋನಿನಿಂದ ಕತ್ತರಿಸಿದ ಪಿನ್ನೊಂದನ್ನು ಜ್ಯಾಕಿಗೆ ಸಿಕ್ಕಿಸಿ, ಅದರ ಗ್ರೌಂಡ್ ತಂತಿಗೂ ಬೋರ್ಡಿನ ಮೇಲೆ ಬ್ಯಾಟರಿಯ ಋಣ ತುದಿ ಸೇರುವ ಜಾಗಕ್ಕೂ ನಡುವೆ ಮಲ್ಟಿಮೀಟರ್ ಇಟ್ಟೆ. ಸರಿಯಾಗಿದ್ದರೆ 1 ಓಮ್‌ಗಿಂತ ಕಡಿಮೆ ತೋರಬೇಕು; ಇಲ್ಲಿ ಪಿನ್ ಅಲುಗಾಡಿದಂತೆ ಸಂಖ್ಯೆ ಹಾರಾಡುತ್ತಿತ್ತು, ಕೈಬಿಟ್ಟಾಗ ಸಂಪರ್ಕವೇ ಇರಲಿಲ್ಲ. ಈ ಅಳತೆ ಎಲ್ಲ ಪ್ಲೇಯರುಗಳಿಗೂ ಹೊಂದುವುದಿಲ್ಲ ಎಂಬುದನ್ನು ನೆನಪಿಡಬೇಕು. ಕೆಲವು ಮಾದರಿಗಳಲ್ಲಿ ಇಯರ್‌ಫೋನಿನ ಸಾಮಾನ್ಯ ತಂತಿ ಬ್ಯಾಟರಿಯ ಋಣಕ್ಕೆ ಸೇರದೆ, ಐಸಿಯೇ ಒದಗಿಸುವ ನಡುಮಟ್ಟದ ವೋಲ್ಟೇಜಿಗೆ ಸೇರಿರುತ್ತದೆ. ಅಂಥವುಗಳಲ್ಲಿ ಅದನ್ನು ಋಣಕ್ಕೆ ಜೋಡಿಸಿದರೆ ಇದ್ದ ಐಸಿಯೂ ಹೋಗಬಹುದು. ಈ ಬೋರ್ಡಿನಲ್ಲಿ ಜ್ಯಾಕಿನ ಪಕ್ಕದಲ್ಲಿಯೇ ಎರಡೂ ಬದಿಗೆ ಒಂದೊಂದು ಹಳದಿ ಟ್ಯಾಂಟಲಂ ಕೆಪ್ಯಾಸಿಟರ್ (ನೇರ ವಿದ್ಯುತ್ತನ್ನು ತಡೆದು ಧ್ವನಿಯನ್ನಷ್ಟೇ ಬಿಡುವ ಭಾಗ) ಇದ್ದದ್ದರಿಂದ ಇದು ಹಳೆಯ ಪದ್ಧತಿಯದೇ, ಅಂದರೆ ಸಾಮಾನ್ಯ ತಂತಿ ಋಣಕ್ಕೇ ಸೇರುವಂಥದ್ದು ಎಂದು ತಿಳಿದೇ ಮುಂದುವರಿದೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರದ ಕೆಳಗೆ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ದೋಷ ಕಣ್ಣಿಗೆ ಬಿತ್ತು. ಜ್ಯಾಕಿನ ಗ್ರೌಂಡ್ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರವಿತ್ತು. ಉಳಿದ ಕಾಲುಗಳ ಬೆಸುಗೆ ಹೊಳೆಯುತ್ತಿದ್ದರೆ ಇದು ಮಾತ್ರ ಬೂದುಬಣ್ಣಕ್ಕೆ ತಿರುಗಿತ್ತು. ಹಲ್ಲುಕಡ್ಡಿಯಿಂದ ಜ್ಯಾಕನ್ನು ಮೆಲ್ಲಗೆ ಒತ್ತಿದಾಗ ಆ ಉಂಗುರದೊಳಗೆ ಕಾಲು ಮೇಲೆ ಕೆಳಗೆ ಆಡುವುದು ಸ್ಪಷ್ಟವಾಗಿ ಕಂಡಿತು. ಮುಂಗಡೆಯ ಈ ಕಾಲೇ ಪಿನ್ನಿನ ಎಳೆತವನ್ನೆಲ್ಲ ತಾಳಿಕೊಳ್ಳುತ್ತದೆ. ಪ್ಲೇಯರನ್ನು ಕಿಸೆಯಲ್ಲಿಟ್ಟುಕೊಂಡು ಕೂತೆದ್ದಾಗಲೆಲ್ಲ ನೆಟ್ಟಗಿನ ಪಿನ್ ಅದನ್ನು ಮೀಟುತ್ತದೆ.

ಹಂತ 6: ಬೆಸುಗೆ

ಜ್ಯಾಕನ್ನೇ ಬದಲಿಸಿಬಿಡುವ ಯೋಚನೆಯಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಹೋಗಿ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿದೆ. "ಸರ, ಇದರಾಗ ಐದು ಕಾಲಿಂದೂ ಬರತೈತಿ, ಮೂರು ಕಾಲಿಂದೂ ಬರತೈತಿ. ಬೋರ್ಡ್ ತರಲಾರದ ಹೆಂಗ ಕೊಡೂದ್ರೀ?" ಎಂದು ಅಂಗಡಿಯವರು ಕೇಳಿದ್ದು ನ್ಯಾಯವಾಗಿತ್ತು. 15 ರೂಪಾಯಿಯ ಜ್ಯಾಕೊಂದನ್ನು ಅಂದಾಜಿನಿಂದ ತಂದೆ, ಆದರೆ ಅದರ ಕಾಲುಗಳ ಅಂತರ ಬೋರ್ಡಿಗೆ ಹೊಂದಲಿಲ್ಲ. ಹಳೆಯ ಜ್ಯಾಕಿನ ಪತ್ತಿಗಳು ಗಟ್ಟಿಯಾಗಿಯೇ ಇದ್ದುದರಿಂದ ಅದನ್ನೇ ಉಳಿಸಿಕೊಂಡೆ.

ಮನೆಯಲ್ಲಿದ್ದ 25 ವಾಟ್‌ನ ಸೋಲ್ಡರಿಂಗ್ ಐರನ್ನಿನಿಂದ ಮಾಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಗ್ರೌಂಡ್ ಕಾಲು ಬೋರ್ಡಿನ ಅಗಲವಾದ ತಾಮ್ರದ ಹಾಳೆಗೆ ಸೇರಿರುವುದರಿಂದ ಬಿಸಿಯನ್ನೆಲ್ಲ ಆ ಹಾಳೆ ಎಳೆದುಕೊಂಡಿತು. ಸೀಸ ಕರಗಿ ಹರಡದೆ ಗುಂಡಾಗಿ ಮೇಲೆ ಕುಳಿತಿತು. ಇಂಥ ಹೊತ್ತಿನಲ್ಲಿ ಐರನ್ನನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುವುದು ಅಪಾಯ, ಜ್ಯಾಕಿನ ಪ್ಲಾಸ್ಟಿಕ್ ಮೆತ್ತಗಾಗಿ ಪತ್ತಿಗಳು ಜಾಗ ಬಿಡುತ್ತವೆ. ಸ್ನೇಹಿತರೊಬ್ಬರಿಂದ ಬಿಸಿ ನಿಯಂತ್ರಿಸುವ ಸೋಲ್ಡರಿಂಗ್ ಸ್ಟೇಷನ್ ತಂದು, 350 ಡಿಗ್ರಿ ಸೆಲ್ಸಿಯಸ್ಸಿಗೆ ಇಟ್ಟು, ಚೂಪು ತುದಿಯ ಬದಲು ಚಪ್ಪಟೆ ತುದಿಯನ್ನು ಬಳಸಿದೆ. ಮೊದಲು ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಡಿ ಹಿಡಿಯಲು ನೆರವಾಗುವ ಲೇಪ) ಹಚ್ಚಿ, ಹಳೆಯ ಬೆಸುಗೆಗೆ ತುಸು ಹೊಸ 60/40 (ತವರ ಮತ್ತು ಸೀಸದ) ಬೆಸುಗೆ ತಂತಿಯನ್ನು ಸೇರಿಸಿ ಕರಗಿಸಿ, ಹೀರುಪಟ್ಟಿಯಿಂದ ಅದನ್ನೆಲ್ಲ ತೆಗೆದು, ಕಾಲಿನ ಮೇಲಿನ ಕಪ್ಪನ್ನು ಬ್ಲೇಡಿನಿಂದ ಕೆರೆದು, ಆಮೇಲೆ ಹೊಸ ಬೆಸುಗೆ ಹಾಕಿದೆ. ಹಳೆಯದರ ಮೇಲೆಯೇ ಹೊಸದನ್ನು ಸುರಿದರೆ ಮಸುಕಾದ ಪದರ ಒಳಗೆ ಉಳಿದು ಅಲ್ಲಿಂದಲೇ ಮತ್ತೆ ಬಿರಿಯುತ್ತದೆ.

ಬೆಸುಗೆ ಹಾಕುವಾಗ ಕೆಲಸಕ್ಕೆ ಬಾರದ ಪಿನ್ನೊಂದನ್ನು ಜ್ಯಾಕಿನೊಳಗೆ ಸಿಕ್ಕಿಸಿಯೇ ಇಟ್ಟಿದ್ದೆ. ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾದರೂ ಪತ್ತಿಗಳು ಪಿನ್ನಿನ ಆಧಾರದಿಂದ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಬಿಸಿ ಆರಿದ ಮೇಲೆ ಜ್ಯಾಕಿನ ಎರಡೂ ಪಕ್ಕಕ್ಕೆ, ಬೋರ್ಡಿಗೆ ತಾಗುವಂತೆ, ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ತೆಳುವಾಗಿ ಹಚ್ಚಿ ಒಂದು ದಿನ ಹಾಗೇ ಬಿಟ್ಟೆ. ಇನ್ನು ಮುಂದೆ ಪಿನ್ನಿನ ಎಳೆತವನ್ನು ಬೆಸುಗೆಯ ಬದಲು ಅಂಟು ತಾಳಿಕೊಳ್ಳುತ್ತದೆ. ಅಂಟು ಜ್ಯಾಕಿನ ಸಂದಿಯಿಂದ ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು, ಇಳಿದರೆ ಜ್ಯಾಕ್ ಮುಗಿದಂತೆ.

ಹಂತ 7: ಮರುಪರೀಕ್ಷೆ

ಗ್ರೌಂಡಿನ ಅಳತೆ ಈಗ 0.5 ಓಮ್, ಅದರಲ್ಲಿ ಮೀಟರಿನ ತಂತಿಗಳದ್ದೇ 0.3. ಪಿನ್ನನ್ನು ಎತ್ತ ಒತ್ತಿದರೂ ಸಂಖ್ಯೆ ಕದಲಲಿಲ್ಲ. ನಾಲ್ಕು ಕಡತಗಳೂ ಸರಿಯಾದ ಉತ್ತರ ಕೊಟ್ಟವು: ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಎರಡೂ ಬದಿಯದು ನಟ್ಟನಡುವೆ, ತಲೆಕೆಳಗು ಮಾಡಿದ್ದು ಎಲ್ಲಿಯೂ ನಿಲ್ಲದೆ ಹರಡಿಕೊಂಡಿತ್ತು. ಅದಾದ ಮೇಲೆ ಗಂಗೂಬಾಯಿಯವರ ಹಳೆಯ ತಟ್ಟೆಯನ್ನು ಹಚ್ಚಿದೆ. ತಟ್ಟೆಯ ಚರಚರ ಸದ್ದಿನ ನಡುವಿನಿಂದ ಆ ದನಿ ತುಂಬಿ ಬಂದಾಗ ಈ ಕೆಲಸಕ್ಕೆ ಕೊಟ್ಟ ಹೊತ್ತೆಲ್ಲ ಸಾರ್ಥಕವೆನಿಸಿತು.

ಹಂತ 8: ತಾರ ಸಪ್ತಕದ ಕರಕರ

ಬೆಸುಗೆಯಿಂದ ಇದು ಹೋಗಲಿಲ್ಲ. ಇನ್ನೂ ಎದ್ದು ಕೇಳಿಸತೊಡಗಿತು. ಪ್ಲೇಯರಿನ ಮೆನುವಿನಲ್ಲಿ ನೋಡಿದಾಗ ಈಕ್ವಲೈಸರ್ 'ಬಾಸ್' ಎಂಬಲ್ಲಿತ್ತು, ವಾಲ್ಯೂಮ್ ಕೊನೆಯ ಮಟ್ಟಕ್ಕೆ ಬಂದಿತ್ತು. ಕಾರಣ ಸರಳ. ಗ್ರೌಂಡ್ ಕಡಿದಾಗ ಗಾಯಕರ ದನಿಯ ಜೊತೆಗೆ, ಎರಡೂ ಬದಿಯಲ್ಲಿ ಸಮವಾಗಿರುವ ಡಗ್ಗಾದ ಕೆಳದನಿಯೂ ಅಳಿದಿತ್ತು. ಅದನ್ನು ಮರಳಿ ಪಡೆಯಲೆಂದು ಕಾಕಾ ಬಾಸ್ ಏರಿಸಿದ್ದರು, ವಾಲ್ಯೂಮೂ ಏರಿಸಿದ್ದರು. ಮೊದಲ ದೋಷಕ್ಕೆ ಹುಡುಕಿದ ಪರಿಹಾರವೇ ಎರಡನೆಯ ದೋಷವಾಗಿ ಉಳಿದುಕೊಂಡಿತ್ತು. ಈಕ್ವಲೈಸರಿನಲ್ಲಿ ಯಾವುದೇ ಭಾಗವನ್ನು 6 ಡಿಬಿ ಏರಿಸಿದರೆ ಅಲ್ಲಿಯ ವೋಲ್ಟೇಜು ದುಪ್ಪಟ್ಟಾಗುತ್ತದೆ. ಮೊದಲೇ ಪೂರ್ಣ ಮಟ್ಟದಲ್ಲಿ ಮುದ್ರಿತವಾದ ಹಾಡಿಗೆ ಅಷ್ಟು ಜಾಗವೇ ಇರುವುದಿಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ. ಈಕ್ವಲೈಸರನ್ನು ಬಂದ್ ಮಾಡಿ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದೊಡನೆ ಬಹುಪಾಲು ಕಡತಗಳು ಶುದ್ಧವಾದವು.

ಎಲ್ಲವೂ ಆಗಲಿಲ್ಲ. ಒಡೆಯುತ್ತಲೇ ಇದ್ದವನ್ನು ಆಡಾಸಿಟಿಯಲ್ಲಿ ತೆರೆದು ಅಲೆಯನ್ನು ಹಿಗ್ಗಿಸಿ ನೋಡಿದಾಗ ತುದಿಗಳು ಕತ್ತರಿಯಿಂದ ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದವು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗಲೇ ಮಟ್ಟವನ್ನು ಅತಿಯಾಗಿ ಇಟ್ಟಿದ್ದರ ಫಲ ಇದು. ಇದಕ್ಕೆ ಪ್ಲೇಯರಿನಲ್ಲಿ ಮದ್ದಿಲ್ಲ, ಮೂಲ ಕ್ಯಾಸೆಟ್ಟಿನಿಂದ ಮತ್ತೆ ಇಳಿಸಬೇಕು. ಇನ್ನು ಕೆಲವು ಕಡತಗಳು ಬಹಳ ಕುಗ್ಗಿಸಿದ, ಸೆಕೆಂಡಿಗೆ 64 ಕಿಲೊಬಿಟ್ ಮಾತ್ರ ಇರುವ, ಅಂದರೆ 64 ಕೆಬಿಪಿಎಸ್‌ನ ಎಂಪಿ3ಗಳು. ಅವುಗಳಲ್ಲಿ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಹರಿದು ನೀರುನೀರಾಗಿ ಕೇಳಿಸುತ್ತದೆ. ಅವನ್ನು 320ಕ್ಕೆ ಬದಲಾಯಿಸಿದರೆ ಕಡತದ ಗಾತ್ರ ಐದು ಪಟ್ಟಾಗುತ್ತದೆಯೇ ಹೊರತು ಕಳೆದುಹೋದದ್ದು ಬರುವುದಿಲ್ಲ. ಜಾಗದ ಉಳಿತಾಯಕ್ಕಾಗಿ ಹೀಗೆ ಕುಗ್ಗಿಸುವ ಅಗತ್ಯವೇ ಇಲ್ಲ: 16 ಜಿಬಿಯ ಕಾರ್ಡಿನಲ್ಲಿ 128 ಕೆಬಿಪಿಎಸ್‌ನ ಹಾಡುಗಳು ಸುಮಾರು 270 ಗಂಟೆಯಷ್ಟು ಹಿಡಿಯುತ್ತವೆ, 256 ಇಟ್ಟರೂ ಅದರ ಅರ್ಧದಷ್ಟು.

ಹಂತ 9: ಕೆಪ್ಯಾಸಿಟರುಗಳ ಪರಿಶೀಲನೆ

ಬೋರ್ಡ್ ತೆರೆದೇ ಇದ್ದುದರಿಂದ ಡಗ್ಗಾದ ಬಗ್ಗೆ ಉಳಿದಿದ್ದ ಸಂದೇಹವನ್ನೂ ತೀರಿಸಿಕೊಂಡೆ. ಜ್ಯಾಕಿನ ಪಕ್ಕದ ಕೆಪ್ಯಾಸಿಟರುಗಳ ಮೇಲೆ 227 ಎಂದಿತ್ತು, ಅಂದರೆ 220 ಮೈಕ್ರೊಫ್ಯಾರಡ್. ಇವು ಕ್ಷೀಣಿಸಿದರೆ ಕೆಳದನಿ ಸೋರಿಹೋಗುತ್ತದೆ. ಇಯರ್‌ಫೋನಿನ ಬದಲು ಪ್ರತಿ ಬದಿಗೂ 33 ಓಮ್‌ನ ರೆಸಿಸ್ಟರ್ ಜೋಡಿಸಿ, ಒಂದೇ ಮಟ್ಟದ 400, 100 ಮತ್ತು 50 ಹರ್ಟ್ಸ್ ಸ್ವರಗಳನ್ನು ನುಡಿಸಿ, ಮಲ್ಟಿಮೀಟರಿನ ಎಸಿ 2 ವೋಲ್ಟ್ ಮಟ್ಟದಲ್ಲಿ ಅಳೆದೆ. ಕ್ರಮವಾಗಿ 0.40, 0.39 ಮತ್ತು 0.37 ವೋಲ್ಟ್ ಬಂತು. ಎರಡೂ ಬದಿ ಸಮ. ಅಗ್ಗದ ಮೀಟರುಗಳು 400 ಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹವಾದ್ದರಿಂದ ಅದಕ್ಕಿಂತ ಮೇಲಿನ ಸ್ವರವನ್ನು ಹೋಲಿಕೆಗೆ ಇಟ್ಟುಕೊಳ್ಳಲಿಲ್ಲ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟು) ಹಾಡುವ ಗಂಡುದನಿಯ ತಂಬೂರಿಯಲ್ಲಿ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ; ಅದು ಕುಂದಿಲ್ಲದೆ ಬರುತ್ತದೆ ಎಂದು ಈ ಅಂಕಿಗಳು ಹೇಳುತ್ತವೆ. ಆದ್ದರಿಂದ ಕೆಪ್ಯಾಸಿಟರುಗಳನ್ನು ಮುಟ್ಟಲಿಲ್ಲ.

ಖರ್ಚು ಮತ್ತು ಉಳಿದ ಕೆಲಸ

ಆಲ್ಕೊಹಾಲಿಗೆ 90, ಹೀರುಪಟ್ಟಿಗೆ 40, ಅಂಟಿಗೆ 35, ಉಪಯೋಗಕ್ಕೆ ಬಾರದ ಜ್ಯಾಕಿಗೆ 15, ಒಟ್ಟು 180 ರೂಪಾಯಿ. ಇದರಲ್ಲಿ ಬಸ್ಸಿನ ಖರ್ಚು ಸೇರಿಲ್ಲ. ಪ್ಲೇಯರಿನ ಜೊತೆಗೆ ಮೊಣಕೈಯಂತೆ ಬಾಗಿದ ಪಿನ್ನಿನ ಇಯರ್‌ಫೋನನ್ನು ಕಾಕಾ ಅವರಿಗೆ ಕಳಿಸಿದ್ದೇನೆ, ಏಕೆಂದರೆ ಕಿಸೆಯಲ್ಲಿ ಅದು ಜ್ಯಾಕನ್ನು ಮೀಟುವುದು ಬಹಳ ಕಡಿಮೆ. ತುದಿ ಕತ್ತರಿಸಿಹೋದ ಕಡತಗಳ ಪಟ್ಟಿಯನ್ನೂ ಜೊತೆಗಿಟ್ಟು, ಅವುಗಳ ಮೂಲ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಇದ್ದರೆ ಕಳಿಸಿಕೊಡಲು ಕೇಳಿದ್ದೇನೆ. ಅವು ಬಂದರೆ ಈ ಸಲ ಅತಿ ಎತ್ತರದ ತಾನಕ್ಕೂ ಕನಿಷ್ಠ 6 ಡಿಬಿ ಜಾಗ ಉಳಿಯುವಂತೆ ಮಟ್ಟವನ್ನಿಟ್ಟು ಇಳಿಸುತ್ತೇನೆ.